ಅಡಿಕೆ ಸುದ್ದಿಗೊಂದು ಫೀಡ್ ಪೆಟ್ಟಿಗೆ: ಜೂನ್‌ನಿಂದ ಆಗಸ್ಟ್‌ವರೆಗಿನ ಟಿಪ್ಪಣಿ

ನಮ್ಮದು ತೀರ್ಥಹಳ್ಳಿ ತಾಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಮೂರು ವರ್ಷದಿಂದ ಎಲೆಚುಕ್ಕಿ ರೋಗ ಕಾಡುತ್ತಿದೆ. ಅದರ ಬಗ್ಗೆ ಎಲ್ಲಿ ಏನು ಹೊಸದು ಬಂದರೂ ನನಗೆ ಬೇಕು. ಪತ್ರಿಕೆ ಸುದ್ದಿಯೂ ಬೇಕು, ಸಂಶೋಧನೆಯೂ ಬೇಕು.

ಇಷ್ಟು ದಿನ ವಾಟ್ಸಾಪ್ ಗುಂಪಿಗೆ ಬಂದದ್ದನ್ನೇ ಓದುತ್ತಿದ್ದೆ. ಅಲ್ಲಿ ತಾರೀಕು ಇರುವುದಿಲ್ಲ, ಬರೆದವರು ಯಾರು ಅಂತಲೂ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಹಾಗೆ ಬಂದ ಒಂದು ಸಲಹೆ ನಂಬಿ ಔಷಧಿ ಹೊಡೆಸಿದೆವು. ಕೂಲಿ, ಔಷಧಿ ಸೇರಿ ₹11,000 ಆಯಿತು. ಚುಕ್ಕಿ ನಿಲ್ಲಲಿಲ್ಲ. ಆಮೇಲೆ ಹುಡುಕಿ ನೋಡಿದರೆ ಆ ಸಲಹೆ ಕೊಳೆರೋಗದ್ದು. ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ, ಎಲೆಚುಕ್ಕಿಯಲ್ಲಿ ಮುಖ್ಯವಾಗಿ ಕಾಣುವುದು ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ. ಮೊದಲನೆಯದಕ್ಕೆಂದೇ ಮಾಡಿದ ಆ ಔಷಧಿ ಎರಡನೆಯದಕ್ಕೆ ತಾಗುವುದೇ ಇಲ್ಲ. ಆವತ್ತೇ ಅಂದುಕೊಂಡೆ, ಇನ್ನು ಮೂಲದಿಂದಲೇ ನೇರ ಓದಬೇಕು ಅಂತ.

ಅದಕ್ಕೆ ಫೀಡ್ ಸಾಕು. ಒಂದು ಜಾಲತಾಣ ತನ್ನ ಹೊಸ ಬರಹಗಳ ಪಟ್ಟಿಯನ್ನು ತಲೆಬರಹ, ತಾರೀಕು, ಕೊಂಡಿ ಸಮೇತ ಒಂದು ಕಡತದಲ್ಲಿ ಇಡುತ್ತದೆ. ಅದೇ ಆರ್‌ಎಸ್‌ಎಸ್ ಫೀಡ್, 1999ರಿಂದ ಇದೆ. ಕಾಲೇಜಿನಲ್ಲಿದ್ದಾಗ ಗೂಗಲ್ ರೀಡರ್‌ನಲ್ಲಿ ಓದುತ್ತಿದ್ದೆ. 2013ರ ಜುಲೈ 1ಕ್ಕೆ ಅದು ನಿಂತಿತು, ನಾನೂ ಬಿಟ್ಟೆ. ಈ ಸಲ ಮನೆಯಲ್ಲೇ ನಮ್ಮದೇ ಪೆಟ್ಟಿಗೆ ಇಡೋಣ ಅಂತ ಹೊರಟೆ. ಮಾಡಿದ್ದನ್ನು ದಿನದ ಪ್ರಕಾರ ಬರೆದಿದ್ದೇನೆ.

ಜೂನ್ 7, 2025. ಸಾಮಾನು

ಡ್ರಾಯರ್‌ನಲ್ಲಿ ಹಳೆಯ ರಾಸ್‌ಬೆರಿ ಪೈ 3 ಬಿ ಇತ್ತು, ಅಂಗೈಯಗಲದ ಸಣ್ಣ ಕಂಪ್ಯೂಟರ್. 1 ಜಿಬಿ ರ‍್ಯಾಮ್. ಈ ಕೆಲಸಕ್ಕೆ ಅಷ್ಟು ಧಾರಾಳ. 16 ಜಿಬಿಯ ಹಳೆಯ ಮೆಮೊರಿ ಕಾರ್ಡಿಗೆ ರಾಸ್‌ಬೆರಿ ಪೈ ಓಎಸ್ ಲೈಟ್, 64 ಬಿಟ್ ಹಾಕಿದೆ. ಅದರ ಮೇಲೆ ಡಾಕರ್ (ತಂತ್ರಾಂಶಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ), ಡಾಕರ್‌ನಲ್ಲಿ ಫ್ರೆಶ್‌ಆರ್‌ಎಸ್‌ಎಸ್ (ಫೀಡ್‌ಗಳನ್ನು ತಂದು ಒಂದೇ ಕಡೆ ತೋರಿಸುವ ತಂತ್ರಾಂಶ). ಡೇಟಾಬೇಸ್ ಎಸ್‌ಕ್ಯೂಲೈಟ್. ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಎಂದು ಕೊಟ್ಟೆ. ಡೇಟಾ ಫೋಲ್ಡರನ್ನು ಕಂಟೇನರ್‌ನ ಹೊರಗೆ ಇಟ್ಟೆ. ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಬ್ರೌಸರ್‌ನಲ್ಲಿ ಪುಟ ತೆರೆಯಿತು. ಈ ಭಾಗದಲ್ಲಿ ಏನೂ ತೊಂದರೆ ಆಗಲಿಲ್ಲ.

ಜೂನ್ 9. ಮೊದಲ ತಪ್ಪು: ಮೊಬೈಲ್ ಚಾರ್ಜರ್

ಪೈ 3ಕ್ಕೆ 5.1 ವೋಲ್ಟ್, 2.5 ಆಂಪಿಯರ್ ಬೇಕು. ನಾನು ಹಳೆಯ ಮೊಬೈಲಿನ 1 ಆಂಪಿಯರ್ ಚಾರ್ಜರ್ ಹಾಕಿದ್ದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಹೋಗುತ್ತಿತ್ತು. ವೋಲ್ಟೇಜ್ ಕಡಿಮೆ ಎಂಬ ಎಚ್ಚರಿಕೆ ಅದು. ನಡೆಯುತ್ತಿದೆಯಲ್ಲ ಅಂತ ಸುಮ್ನೆ ಬಿಟ್ಟೆ. ಎರಡನೇ ದಿನ ರಾತ್ರಿ ಗಾಳಿಮಳೆಗೆ ನಾಲ್ಕು ಸಲ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಪೈ ಏಳಲಿಲ್ಲ. ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಓದಲಿಕ್ಕೇ ಆಗುತ್ತಿಲ್ಲ. ಮೂರು ದಿನದ ಕೆಲಸ ಹೋಯಿತು.

ಮತ್ತೆ ಮಾಡಿದ್ದು: ಸರಿಯಾದ ಅಡಾಪ್ಟರ್ (₹590), ಕ್ಯಾಮೆರಾಗಳಿಗೆ ಬಳಸುವ ಬಾಳಿಕೆಯ 32 ಜಿಬಿ ಕಾರ್ಡ್ (₹720), 32 ಜಿಬಿ ಪೆನ್‌ಡ್ರೈವ್ (₹380), ವೈಫೈ ಬದಲು ಲ್ಯಾನ್ ಕೇಬಲ್ (₹120). ಪೈಯನ್ನು ಮನೆಯ ಇನ್ವರ್ಟರ್ ಲೈನಿಗೆ ಹಾಕಿದೆ. ಪ್ರತಿ ರಾತ್ರಿ 2 ಗಂಟೆಗೆ ಡೇಟಾ ಫೋಲ್ಡರ್ ಪೆನ್‌ಡ್ರೈವಿಗೆ ನಕಲಾಗುವ ಹಾಗೆ ಮಾಡಿದೆ. ನಕಲಿನಿಂದ ಮತ್ತೆ ಎಬ್ಬಿಸಲು ಬರುತ್ತದೋ ಅಂತ ಒಮ್ಮೆ ಮಾಡಿಯೂ ನೋಡಿದೆ. ಮಿಂಚಿನ ಗುರುತು ಮತ್ತೆ ಬರಲಿಲ್ಲ.

ಜೂನ್ 15. ಪತ್ರಿಕೆಗಳ ಫೀಡ್

ಮೊದಲೆಲ್ಲ ಪ್ರತಿ ತಾಣದಲ್ಲೂ ಕಿತ್ತಳೆ ಬಣ್ಣದ ಚಿಹ್ನೆ ಇರುತ್ತಿತ್ತು. ಈಗ ಹೆಚ್ಚಿನ ಕಡೆ ಕಾಣುವುದಿಲ್ಲ, ಆದರೆ ಫೀಡ್ ಇರುತ್ತದೆ. ಪುಟದ ಸೋರ್ಸ್ ತೆರೆದು 'ಆರ್‌ಎಸ್‌ಎಸ್', ಇಲ್ಲವೆ 'ಆಟಮ್' (ಇನ್ನೊಂದು ಬಗೆಯ ಫೀಡ್) ಅಂತ ಹುಡುಕಿದರೆ ಕೊಂಡಿ ಸಿಗುತ್ತದೆ. ಹೀಗೆ ಹುಡುಕಿ ಕನ್ನಡ ಪತ್ರಿಕೆ, ಸುದ್ದಿತಾಣಗಳ 9 ಫೀಡ್ ಸೇರಿಸಿದೆ. ಫೀಡ್ ಇಲ್ಲದ ಕಡೆಗೆ ಗೂಗಲ್ ಅಲರ್ಟ್ಸ್‌ನಲ್ಲಿ 'ಅಡಿಕೆ ಎಲೆಚುಕ್ಕಿ' ಎಂದು ಕೊಟ್ಟು, ಇಮೇಲ್ ಬದಲು ಆರ್‌ಎಸ್‌ಎಸ್ ಫೀಡ್ ಆಯ್ಕೆ ಮಾಡಿದೆ. ಈ ಆಯ್ಕೆ ಅಲ್ಲಿದೆ ಎಂದು ತುಂಬಾ ಜನರಿಗೆ ಗೊತ್ತಿಲ್ಲ.

ಎಷ್ಟು ಹೊತ್ತಿಗೊಮ್ಮೆ ತರಿಸಬೇಕು? ಇಲ್ಲಿ ಎರಡು ಕಡೆಯೂ ಎಡವಿದೆ. ಮೊದಲು 12 ಗಂಟೆಗೊಮ್ಮೆ ಎಂದು ಇಟ್ಟೆ. ಪತ್ರಿಕೆಯ ಫೀಡಿನಲ್ಲಿ ಕೊನೆಯ 20 ಸುದ್ದಿ ಮಾತ್ರ ಇರುತ್ತಿತ್ತು. ಬೆಳಗಿನ ಹೊತ್ತು ಎರಡು ಗಂಟೆಯಲ್ಲಿ ಅಷ್ಟೂ ಬದಲಾಗುತ್ತದೆ. ನಡುವಿನದ್ದು ನನಗೆ ಬರಲೇ ಇಲ್ಲ. ಆಮೇಲೆ ಕೆಲವೇ ನಿಮಿಷಕ್ಕೊಮ್ಮೆ ಮಾಡಿದೆ. ಒಂದು ತಾಣ 429 ಎಂಬ ದೋಷ ಕೊಡತೊಡಗಿತು. ಅತಿಯಾಗಿ ಕೇಳುತ್ತಿದ್ದೀರಿ ಎಂದು ಅದರ ಅರ್ಥ. ತಪ್ಪು ನನ್ನದೇ. ಈಗ ಪತ್ರಿಕೆಗಳಿಗೆ 1 ಗಂಟೆ, ಸಂಶೋಧನೆಯ ಫೀಡಿಗೆ 12 ಗಂಟೆ. ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ ಪ್ರತಿ ಫೀಡಿಗೂ ಬೇರೆ ಬೇರೆ ಇಡಬಹುದು.

ಜೂನ್ 22. ಸಂಶೋಧನೆಯ ಫೀಡ್

ಸಂಶೋಧನಾ ಪ್ರಬಂಧಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ಯಾವ ಹುಡುಕಾಟವನ್ನಾದರೂ ಫೀಡ್ ಮಾಡಿಕೊಳ್ಳಬಹುದು. ಹುಡುಕಾಟದ ಪೆಟ್ಟಿಗೆಯ ಕೆಳಗೆ 'ಕ್ರಿಯೇಟ್ ಆರ್‌ಎಸ್‌ಎಸ್' ಇದೆ. ಒತ್ತಿದರೆ ಎಷ್ಟು ಬೇಕು ಎಂದು ಕೇಳುತ್ತದೆ, 100ರವರೆಗೆ ಕೊಡಬಹುದು. ಅದು ಕೊಟ್ಟ ಕೊಂಡಿಯನ್ನು ಫ್ರೆಶ್‌ಆರ್‌ಎಸ್‌ಎಸ್‌ಗೆ ಹಾಕಿದರೆ ಆಯಿತು. ಎರಡು ನಿಮಿಷದ ಕೆಲಸ.

ಆದರೆ ಏನು ಕೇಳಬೇಕು ಅಂತ ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ಮೊದಲ ಪ್ರಯತ್ನ: ಇಂಗ್ಲಿಷಿನಲ್ಲಿ 'ಅರೆಕಾ ನಟ್' ಎಂದು ಕೊಟ್ಟೆ. ಬಂದ ಮೊದಲ 20ರಲ್ಲಿ ತೋಟಕ್ಕೆ ಸಂಬಂಧಪಟ್ಟದ್ದು 2. ಉಳಿದದ್ದೆಲ್ಲ ಬಾಯಿಯ ಕ್ಯಾನ್ಸರ್, ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್. ಪಬ್‌ಮೆಡ್ ವೈದ್ಯಕೀಯದ್ದು, ಅಡಿಕೆ ಜಗಿಯುವುದರ ಬಗ್ಗೆ ಅಷ್ಟು ಸಂಶೋಧನೆ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್ ತರುವುದು ಖಚಿತ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಅಡಿಕೆ ಬೆಳೆಯುವ ನಾವು ಇದನ್ನೂ ಓದಲೇಬೇಕು. ಅದಕ್ಕೇ ಆ ಹುಡುಕಾಟವನ್ನು ಅಳಿಸದೆ ಬೇರೆ ಗುಂಪಿನಲ್ಲಿ ಇಟ್ಟೆ.

ಎರಡನೇ ಪ್ರಯತ್ನ: 'ನಾಟ್' ಸೇರಿಸಿ ಕ್ಯಾನ್ಸರ್, ಬಾಯಿ, ಜಗಿಯುವುದು ಎಂಬ ಪದಗಳಿರುವುದು ಬೇಡ ಎಂದೆ. ಪಟ್ಟಿ ಚೊಕ್ಕವಾಯಿತು. ತೋಟದ್ದು ಜಾಸ್ತಿ ಆಗುವ ಬದಲು ಕಡಿಮೆಯೇ ಆಯಿತು. ಯಾಕೆಂದರೆ ಅಡಿಕೆ ಮರದ ರೋಗದ ಬಗ್ಗೆ ಬರೆಯುವವರೂ ಸಾರಾಂಶದ ಮೊದಲ ಸಾಲಿನಲ್ಲಿ 'ಜಗಿಯಲು ಬಳಸುವ ಮುಖ್ಯ ವಾಣಿಜ್ಯ ಬೆಳೆ' ಅಂತ ಬರೆದಿರುತ್ತಾರೆ. ಆ ಒಂದು ಪದಕ್ಕೆ ಇಡೀ ಪ್ರಬಂಧ ಹೊರಗೆ ಹೋಗುತ್ತದೆ.

ಮೂರನೇ ಪ್ರಯತ್ನ: ಬೇಡದ್ದನ್ನು ಹೇಳುವುದು ಬಿಟ್ಟು ಬೇಕಾದ್ದನ್ನು ಹೇಳಿದೆ. ಬೆಳೆಯ ಹೆಸರು, ಜೊತೆಗೆ ಕೊಲೆಟೊಟ್ರೈಕಮ್ ಅಥವಾ ಫೈಟಾಫ್ತೊರಾ ಅಥವಾ ಎಲೆಚುಕ್ಕಿ ಅಥವಾ ಹಳದಿ ಎಲೆ. ಇದು ಸರಿಯಾಯಿತು. ಆದರೂ ಏನೋ ಕಡಿಮೆ ಅನ್ನಿಸುತ್ತಿತ್ತು. ಕಾರಣ ಬೆಳೆಯ ಹೆಸರಿನಲ್ಲೇ ಇತ್ತು. ನಮ್ಮ ದೇಶದವರು ಹೆಚ್ಚಾಗಿ 'ಅರೆಕಾನಟ್' ಎಂದು ಒಂದೇ ಪದವಾಗಿ ಬರೆಯುತ್ತಾರೆ. ವೈದ್ಯರು ಎರಡು ಪದವಾಗಿ ಬರೆಯುತ್ತಾರೆ. ಚೀನಾದ ಹೈನಾನ್ ದ್ವೀಪದಲ್ಲಿ ಅಡಿಕೆ ದೊಡ್ಡ ಬೆಳೆ. ಅಲ್ಲಿನವರು 'ಅರೆಕಾ ಪಾಮ್' ಎನ್ನುತ್ತಾರೆ. ಹಳದಿ ಎಲೆ ರೋಗದ ಬಗ್ಗೆ ಅಲ್ಲಿ ಒಳ್ಳೆಯ ಕೆಲಸ ಆಗಿದೆ. ಅವರಲ್ಲಿ ಆ ರೋಗದ ಜೊತೆ ಒಂದು ವೆಲಾರಿವೈರಸ್ ಕಂಡಿದೆ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯ ಹಳದಿ ರೋಗಕ್ಕೆ ನಮ್ಮಲ್ಲಿ ಹೇಳುತ್ತಿದ್ದದ್ದು ಫೈಟೋಪ್ಲಾಸ್ಮಾ, ಅಂದರೆ ಬ್ಯಾಕ್ಟೀರಿಯಾದ ಒಂದು ಬಗೆ. ಈ ವ್ಯತ್ಯಾಸ ನನಗೆ ಗೊತ್ತಾದದ್ದೇ 'ಅರೆಕಾ ಪಾಮ್' ಸೇರಿಸಿದ ದಿನ. ಕೊನೆಗೆ ಈ ಮೂರೂ ರೂಪ, 'ಬೀಟಲ್ ನಟ್', ಮತ್ತೆ ಸಸ್ಯಶಾಸ್ತ್ರದ ಹೆಸರು 'ಅರೆಕಾ ಕ್ಯಾಟೆಚು', ಐದನ್ನೂ ಹಾಕಿದೆ.

ಪಬ್‌ಮೆಡ್ ಒಂದೇ ಸಾಲದು. ನಮ್ಮ ಕೃಷಿ ನಿಯತಕಾಲಿಕೆಗಳಲ್ಲಿ ಅನೇಕವು ಅದರಲ್ಲಿ ಇಲ್ಲ. ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶದಲ್ಲಿ ನಡೆಯುವ ನಿಯತಕಾಲಿಕೆಗಳಿಗೆ ಫೀಡ್ ಕೊಡುವ ಸೌಲಭ್ಯ ಇದೆ. ಅವರು ಅದನ್ನು ಚಾಲೂ ಮಾಡಿದ್ದರೆ ಪುಟದ ಬದಿಯಲ್ಲಿ ಆಟಮ್, ಆರ್‌ಎಸ್‌ಎಸ್ ಎಂಬ ಸಣ್ಣ ಚಿಹ್ನೆ ಕಾಣುತ್ತದೆ. ಅಂಥ 6 ಸೇರಿಸಿದೆ. ಗೂಗಲ್ ಸ್ಕಾಲರ್ ಇಮೇಲ್ ಮಾತ್ರ ಕಳಿಸುತ್ತದೆ, ಫೀಡ್ ಇಲ್ಲ. ಅದನ್ನು ಇಮೇಲಿನಲ್ಲೇ ಓದುತ್ತೇನೆ.

ಜುಲೈ 3ರಿಂದ 12. ದೊಡ್ಡ ತಪ್ಪು

ಇದನ್ನು ಬಿಡಿಸಿ ಬರೆಯುತ್ತೇನೆ. ಕನ್ನಡ ಫೀಡ್ ಬಳಸುವ ಯಾರಿಗಾದರೂ ಇದು ಆಗಬಹುದು.

ಪತ್ರಿಕೆಗಳ ಫೀಡಿನಲ್ಲಿ ದಿನಕ್ಕೆ 300ಕ್ಕೂ ಹೆಚ್ಚು ಸುದ್ದಿ ಬರುತ್ತಿತ್ತು. ರಾಜಕೀಯ, ಸಿನಿಮಾ, ಕ್ರಿಕೆಟ್, ದಿನಭವಿಷ್ಯ. ಅವುಗಳ ನಡುವೆ ತೋಟದ ಸುದ್ದಿ ಹುಡುಕುವುದು ಕಷ್ಟ. ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ ಪ್ರತಿ ಫೀಡಿಗೂ ಫಿಲ್ಟರ್ ಹಾಕಬಹುದು. ತಲೆಬರಹದಲ್ಲಿ ಇಂಥ ಪದ ಇದ್ದರೆ ತಾನಾಗಿ 'ಓದಿದ್ದು' ಎಂದು ಗುರುತು ಹಾಕುತ್ತದೆ. ನಾನು ಒಂದು ಸಂಜೆ ಕೂತು ಪದಗಳನ್ನು ಬರೆದೆ. ಆಗ ಉಪಮುಖ್ಯಮಂತ್ರಿ ಆಗಿದ್ದವರ ಸುದ್ದಿ 'ಡಿಕೆಶಿ', 'ಡಿಕೆ ಶಿವಕುಮಾರ್' ಎಂದು ಎರಡು ಥರ ಬರುತ್ತಿತ್ತು. ಎರಡಕ್ಕೂ ಹೊಂದುವ ಹಾಗೆ ಚಿಕ್ಕದಾಗಿ 'ಡಿಕೆ' ಎಂದು ಹಾಕಿದೆ. ದಿನಭವಿಷ್ಯಕ್ಕೆ 'ರಾಶಿ' ಎಂದು ಹಾಕಿದೆ.

ಮರುದಿನ ಪಟ್ಟಿ 300ರಿಂದ 90ಕ್ಕೆ ಇಳಿಯಿತು. ಖುಷಿಯಾಯಿತು. ಅಪ್ಪಯ್ಯನ ಫೋನಿಗೂ ತೋರಿಸಿಕೊಟ್ಟೆ.

ಒಂಬತ್ತನೇ ದಿನ ಬೆಳಿಗ್ಗೆ ಅಪ್ಪಯ್ಯ ಕಾಫಿ ಕುಡಿಯುತ್ತಾ ಕೇಳಿದರು: "ಎಂತ ಮಾರಾಯ್ತಿ, ಒಂದು ವಾರದಿಂದ ಅಡಿಕೆ ಸುದ್ದಿ ಒಂದೂ ಇಲ್ವಲ್ಲ ಇದ್ರಲ್ಲಿ? ಪೇಪರಲ್ಲಿ ದಿನಾ ಬರ್ತಾ ಇದೆ."

'ಅಡಿಕೆ'. ಅದರೊಳಗೆ 'ಡಿಕೆ' ಇದೆ.

ಫಿಲ್ಟರ್ ಅಕ್ಷರಗಳನ್ನು ನೋಡುತ್ತದೆ, ಪದವನ್ನಲ್ಲ. 'ಅಡಿಕೆ' ಇದ್ದ ಪ್ರತಿ ತಲೆಬರಹವನ್ನೂ ಅದು ಓದಿದ್ದು ಎಂದು ಪಕ್ಕಕ್ಕೆ ಇಟ್ಟಿತ್ತು. 'ಬೇಡಿಕೆ' ಇದ್ದದ್ದೂ ಹೋಗಿತ್ತು. ರೈತರ ಬೇಡಿಕೆ, ಪರಿಹಾರದ ಬೇಡಿಕೆ, ಎಲ್ಲ. ಇನ್ನು 'ರಾಶಿ'. ಶಿವಮೊಗ್ಗ ಮಾರುಕಟ್ಟೆಯಲ್ಲಿ ಬೆಟ್ಟೆ, ಗೊರಬಲು, ಸರಕು ಇರುವ ಹಾಗೆ ರಾಶಿಯೂ ಅಡಿಕೆಯ ಒಂದು ಬಗೆ. 'ರಾಶಿ ದರ ಏರಿಕೆ' ಅಂತ ಬಂದದ್ದೆಲ್ಲ ದಿನಭವಿಷ್ಯದ ಜೊತೆಗೇ ಹೋಗಿತ್ತು. ಯಾವ ಸುದ್ದಿಗಾಗಿ ಈ ಪೆಟ್ಟಿಗೆ ಕಟ್ಟಿದೆನೋ ಅದನ್ನೇ ಒಂಬತ್ತು ದಿನ ನಾನು ತಡೆದಿದ್ದೆ. ಆ ದಿನ ತುಂಬಾ ಬೇಜಾರಾಯಿತು.

ಪುಣ್ಯಕ್ಕೆ ಫಿಲ್ಟರ್ ಅಳಿಸಿರಲಿಲ್ಲ, ಗುರುತು ಮಾತ್ರ ಹಾಕಿತ್ತು. ಓದಿದ್ದರಲ್ಲಿ 'ಅಡಿಕೆ' ಎಂದು ಹುಡುಕಿದೆ. 37 ಸುದ್ದಿ ಸಿಕ್ಕವು. ಅದರಲ್ಲಿ ನಮ್ಮ ತಾಲೂಕಿನ ಎಲೆಚುಕ್ಕಿ ತರಬೇತಿಯ ಸುದ್ದಿಯೂ ಇತ್ತು. ತರಬೇತಿ ಮುಗಿದು ಎರಡು ದಿನ ಆಗಿತ್ತು.

ಸರಿಪಡಿಸಲು ಮೊದಲು ಮಾಡಿದ್ದು ರೆಗ್ಯುಲರ್ ಎಕ್ಸ್‌ಪ್ರೆಶನ್. ಪದದ ಶುರುವಿನಲ್ಲಿ 'ಡಿಕೆ' ಇದ್ದರೆ ಮಾತ್ರ ಹಿಡಿ ಎನ್ನುವ ಮಾದರಿ. ಫೀಡಿಗೆ ಹಾಕುವ ಮೊದಲು ಲ್ಯಾಪ್‌ಟಾಪಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪರೀಕ್ಷೆ ಮಾಡಿದೆ, ಒಳ್ಳೆಯದಾಯಿತು. 'ಅಡಿಕೆ' ಬಚಾವಾಯಿತು. 'ಬೇಡಿಕೆ' ಮತ್ತೆ ಸಿಕ್ಕಿಬಿತ್ತು. ಪೈಥಾನ್ 'ಬ' ಅನ್ನು ಅಕ್ಷರ ಎನ್ನುತ್ತದೆ, ಅದರ ಮೇಲಿನ ಏತ್ವದ ಗುರುತನ್ನು ಅಕ್ಷರ ಎಂದು ಎಣಿಸುವುದಿಲ್ಲ. ಹಾಗಾಗಿ ಆ ಗುರುತಿನ ಪಕ್ಕದ 'ಡಿ'ಯಿಂದ ಹೊಸ ಪದ ಶುರು ಎಂದು ತಿಳಿಯುತ್ತದೆ. ಇಂಗ್ಲಿಷಿಗೆ ಸರಿಹೋಗುವ ಈ ಉಪಾಯವನ್ನು ಕನ್ನಡಕ್ಕೆ ನಂಬಬೇಡಿ.

ಕೊನೆಗೆ ಮಾಡಿದ್ದು ಇಷ್ಟು. ಬೇಡದ ಪದಗಳ ಫಿಲ್ಟರ್ ಎಲ್ಲ ತೆಗೆದೆ. ಬೇಕಾದ ಪದಗಳ ಒಂದು ಹುಡುಕಾಟ ಬರೆದು ಉಳಿಸಿದೆ. ಅಪ್ಪಯ್ಯನಿಗೆ ಅದೊಂದೇ ತೆರೆಯುತ್ತದೆ. ಇಲ್ಲೂ ಪಬ್‌ಮೆಡ್‌ನ ಪಾಠವೇ ಮತ್ತೆ ಬಂತು. ಕೆಲವರು 'ಅಡಿಕೆ' ಎಂದು ಬರೆದರೆ ಕೆಲವರು 'ಅಡಕೆ' ಎನ್ನುತ್ತಾರೆ. 'ಎಲೆಚುಕ್ಕಿ', 'ಎಲೆ ಚುಕ್ಕಿ', 'ಎಲೆಚುಕ್ಕೆ' ಮೂರೂ ಇವೆ. 'ಕೊಳೆರೋಗ', 'ಕೊಳೆ ರೋಗ' ಎರಡೂ ಇವೆ. ಎಲ್ಲವನ್ನೂ 'ಅಥವಾ' ಹಾಕಿ ಸೇರಿಸಿದೆ. ಜೊತೆಗೆ 'ಬೋರ್ಡೋ' (ಕೊಳೆರೋಗಕ್ಕೆ ಹೊಡೆಯುವ ದ್ರಾವಣ), 'ತೋಟಗಾರಿಕೆ'. ದಿನಕ್ಕೆ 8ರಿಂದ 15 ಸುದ್ದಿ ಬರುತ್ತದೆ. ಉಳಿದ 300 ಅಲ್ಲೇ ಇರುತ್ತವೆ, ಭಾನುವಾರ ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸುತ್ತೇನೆ. ಹೊಸ ಪದ ಏನಾದರೂ ಕಂಡರೆ ಹುಡುಕಾಟಕ್ಕೆ ಸೇರಿಸುತ್ತೇನೆ.

ಜುಲೈ 20. ಗಡಿಯಾರ

ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಇನ್ವರ್ಟರ್ ಆರು ಗಂಟೆ ನಡೆದು ಮಲಗಿತು. ಕರೆಂಟ್ ಬಂದ ಮೇಲೆ ಪೈ ಎದ್ದಿತು, ಆದರೆ ಪ್ರತಿ ಫೀಡಿನ ಎದುರೂ ಕೆಂಪು ದೋಷ. ತಾಣದ ಸುರಕ್ಷತಾ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತಿತ್ತು. ಒಂದೂವರೆ ಗಂಟೆ ಡಾಕರ್ ಸೆಟ್ಟಿಂಗ್ಸ್ ತಿರುವಿದೆ. ಏನೂ ಸಿಗಲಿಲ್ಲ. ಕೊನೆಗೆ ಪೈಯ ತಾರೀಕು ಕೇಳಿದೆ: ಜುಲೈ 18.

ಈ ಪೈಯಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಎದ್ದ ಮೇಲೆ ಇಂಟರ್‌ನೆಟ್‌ನಿಂದ ಸಮಯ ಕೇಳಿ ಸರಿಮಾಡಿಕೊಳ್ಳುತ್ತದೆ. ಆವತ್ತು ಅದು ಎದ್ದಾಗ ಫೈಬರ್ ಬಂದಿರಲಿಲ್ಲ. ಆಮೇಲೆ ಬಂದರೂ ಸಮಯ ಮಾತ್ರ ಹಿಂದೆಯೇ ಉಳಿದಿತ್ತು. ನಡುವೆ ಹೊಸ ಸರ್ಟಿಫಿಕೇಟ್ ಪಡೆದ ತಾಣಗಳನ್ನು 'ಇದು ನಾಳೆಯದ್ದು' ಎಂದು ತಿರಸ್ಕರಿಸುತ್ತಿತ್ತು, ಉಳಿದ ತಾಣಗಳ ಹೆಸರಿಗೆ ಹೊಂದುವ ಇಂಟರ್‌ನೆಟ್ ವಿಳಾಸವೇ ಸಿಕ್ಕಿರಲಿಲ್ಲ. ಎರಡು ಬೇರೆ ದೋಷಗಳನ್ನು ನಾನು ಒಂದೇ ಎಂದು ಓದಿ ಸಮಯ ಹಾಳುಮಾಡಿದೆ. ಪ್ರತಿ ಫೀಡಿನ ದೋಷವನ್ನೂ ಪೂರ್ತಿ ಓದಬೇಕಿತ್ತು.

ಡಿಎಸ್3231 ಗಡಿಯಾರದ ಮಾಡ್ಯೂಲ್ ತರಿಸಿದೆ. ₹190, ಜೊತೆಗೆ ಶೆಲ್ ₹40. ಪೈಯ 1, 3, 5, 7, 9ನೇ ಪಿನ್‌ಗಳ ಮೇಲೆ ನೇರ ಕೂರುವಂಥದ್ದು, ಬೆಸುಗೆ ಬೇಡ. ನಾನು ಮೊದಲು ಒಂದು ಪಿನ್ ಆಚೆ ಕೂರಿಸಿದ್ದೆ. ಪೈ ಆರಿಸಿಯೇ ಇದ್ದದ್ದರಿಂದ, ಕರೆಂಟ್ ಕೊಡುವ ಮೊದಲು ಟಾರ್ಚ್ ಹಿಡಿದು ಎಣಿಸಿದ್ದರಿಂದ ಉಳಿಯಿತು. ಪೈ ಮಾಡ್ಯೂಲಿನ ಜೊತೆ ಮಾತಾಡುವ ಐ2ಸಿ ಸಂಪರ್ಕ ಚಾಲೂ ಮಾಡಿ, ಕಾನ್ಫಿಗ್ ಕಡತಕ್ಕೆ ಒಂದು ಸಾಲು ಸೇರಿಸಿ, ಕೊನೆಯ ಸಮಯವನ್ನು ಉಳಿಸಿಟ್ಟು ಎದ್ದಾಗ ಅದನ್ನೇ ತೋರಿಸುವ ಹಳೆಯ ಸುಳ್ಳು ಗಡಿಯಾರದ ಪ್ಯಾಕೇಜ್ ತೆಗೆದೆ. ಕೇಬಲ್ ಕಿತ್ತು, ಒಂದು ರಾತ್ರಿ ಆರಿಸಿಟ್ಟು, ಬೆಳಿಗ್ಗೆ ಹಚ್ಚಿ ನೋಡಿದೆ. ಸಮಯ ಸರಿ ಇತ್ತು.

ಖರ್ಚು ಇಲ್ಲಿಗೆ ಒಟ್ಟು ₹2,040.

ಆಗಸ್ಟ್ 2. ತೋಟದಿಂದ ಓದಲು

ಮನೆಯ ವೈಫೈ ಆಚೆಗೂ ಫೋನಿನಲ್ಲಿ ಬೇಕು ಅಂತ ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆದೆ. ಬರಲಿಲ್ಲ. ರೌಟರಿಗೆ ಸಿಕ್ಕಿದ ವಿಳಾಸ 100.72 ಎಂದು ಶುರುವಾಗುತ್ತಿತ್ತು. 100.64ರಿಂದ 100.127ರ ನಡುವೆ ಇದ್ದರೆ ಆ ವಿಳಾಸ ನಿಮ್ಮೊಬ್ಬರದ್ದಲ್ಲ, ಹಲವು ಮನೆಗಳಿಗೆ ಹಂಚಿದ್ದು. ಹೊರಗಿನಿಂದ ನೇರ ಒಳಗೆ ಬರಲಾಗುವುದಿಲ್ಲ. ಇದನ್ನು ಮೊದಲೇ ನೋಡಿದ್ದರೆ ಒಂದು ಮಧ್ಯಾಹ್ನ ಉಳಿಯುತ್ತಿತ್ತು. ತೆರೆದ ಪೋರ್ಟ್ ಮುಚ್ಚಿ, ಪೈಗೂ ಎರಡು ಫೋನಿಗೂ ಟೈಲ್‌ಸ್ಕೇಲ್ (ನಮ್ಮ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ತಂತ್ರಾಂಶ) ಹಾಕಿದೆ. ಹದಿನೈದು ನಿಮಿಷದಲ್ಲಿ ಆಯಿತು.

ಫೋನಿನಲ್ಲಿ ಫೀಡ್‌ಮಿ ಆ್ಯಪ್. ಫ್ರೆಶ್‌ಆರ್‌ಎಸ್‌ಎಸ್‌ನಲ್ಲಿ ಎಪಿಐ (ಬೇರೆ ಆ್ಯಪ್‌ಗಳು ಒಳಬರುವ ದಾರಿ) ಅನುಮತಿ ಚಾಲೂ ಮಾಡಿ, ಪ್ರೊಫೈಲ್‌ನಲ್ಲಿ ಎಪಿಐಗೆಂದೇ ಬೇರೆ ಪಾಸ್‌ವರ್ಡ್ ಇಡಬೇಕು. ನಾನು ಲಾಗಿನ್ ಪಾಸ್‌ವರ್ಡನ್ನೇ ಹಾಕುತ್ತಾ ಅರ್ಧ ಗಂಟೆ ಕಳೆದೆ. ಅಪ್ಪಯ್ಯನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದೆ. ತೋಟದಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಬೆಳಿಗ್ಗೆ 6ಕ್ಕೆ ತಾನಾಗಿ ಇಳಿಸಿಕೊಳ್ಳುವ ಹಾಗೆ ಇಟ್ಟೆ.

ಆಗಸ್ಟ್ 17. ಇಲ್ಲಿ ನಿಂತಿದ್ದೇನೆ

ಅಪ್ಪಯ್ಯನಿಗೆ ಬೇಕಾದದ್ದು ದಿನದ ದರ. ರಾಶಿ, ಬೆಟ್ಟೆ, ಸರಕು, ಗೊರಬಲು, ಕ್ವಿಂಟಾಲಿಗೆ ಎಷ್ಟು ಅಂತ. ದರ ತೋರಿಸುವ ಒಂದು ತಾಣಕ್ಕೆ ಫೀಡ್ ಇಲ್ಲ. ಫ್ರೆಶ್‌ಆರ್‌ಎಸ್‌ಎಸ್ ಎಕ್ಸ್‌ಪಾತ್ ಬಳಸಿ ಸಾಮಾನ್ಯ ಪುಟದಿಂದಲೂ ಫೀಡ್ ಮಾಡುತ್ತದೆ. ಪಟ್ಟಿಯ ಸಾಲು ಯಾವುದು, ತಲೆಬರಹ ಯಾವುದು ಎಂದು ತೋರಿಸಿಕೊಟ್ಟರೆ ಆಯಿತು. ಮೂರು ಸಂಜೆ ಪ್ರಯತ್ನಪಟ್ಟೆ. ಬ್ರೌಸರ್‌ನಲ್ಲಿ ಪಟ್ಟಿ ಕಾಣುತ್ತದೆ, ಫ್ರೆಶ್‌ಆರ್‌ಎಸ್‌ಎಸ್‌ಗೆ ಖಾಲಿ. ಪುಟ ಬಂದ ಮೇಲೆ ಜಾವಾಸ್ಕ್ರಿಪ್ಟ್ ಆ ಪಟ್ಟಿಯನ್ನು ತುಂಬುತ್ತದೆ. ಫ್ರೆಶ್‌ಆರ್‌ಎಸ್‌ಎಸ್ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ.

ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ಹಿಂದಿನಿಂದ ದತ್ತಾಂಶ ಎಲ್ಲಿಂದ ಬರುತ್ತದೆ ಎಂದು ಹುಡುಕಿದೆ. ಜೇಸನ್ ಎಂಬ, ತಂತ್ರಾಂಶಗಳು ಓದುವ ರೂಪದಲ್ಲಿ ಬರುತ್ತದೆ. ಜೇಸನ್‌ನಿಂದಲೂ ಫೀಡ್ ಮಾಡಬಹುದು. ಆದರೆ ಅದನ್ನು ಕೇಳುವಾಗ ಪ್ರತಿಸಲ ಆವತ್ತಿನ ತಾರೀಕನ್ನು ಜೊತೆಗೆ ಕಳಿಸಬೇಕು. ತಾರೀಕು ದಿನಾ ಬದಲಾಗುವಂತೆ ಕೊಡುವುದು ಹೇಗೆ ಅಂತ ಇನ್ನೂ ಗೊತ್ತಾಗಿಲ್ಲ. ಪೈಯಲ್ಲೇ ಒಂದು ಚಿಕ್ಕ ಪೈಥಾನ್ ಕಡತ ಇಟ್ಟು, ದಿನಕ್ಕೆ ಒಮ್ಮೆ ಮಾತ್ರ ಕೇಳಿ, ಫೀಡ್ ಬರೆಸುವುದು ಮುಂದಿನ ಪ್ರಯತ್ನ. ಯಾರಾದರೂ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಿ. ಅಲ್ಲಿವರೆಗೆ ಅಪ್ಪಯ್ಯ ಸಂಜೆ 5ಕ್ಕೆ ಮಂಡಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ.